ಮನ್ಮಾಡಿನ ದಾರಿಯಲ್ಲಿ ಇಂಜಿನ್ನಿನ ಉಸಿರು



ಮನ್ಮಾಡ್ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ದೆಹಲಿಯ ಕನ್ನಡಿಗರನ್ನು ಕೇಳಿದರೆ ಕರ್ನಾಟಕ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಮುಂಬಯಿಯ ನಮಗೆ ಮನ್ಮಾಡ್ ಎಂದರೆ ಶಿರಡಿಯ ದಾರಿ. ಶಿರಡಿಗೆ ಸ್ವಂತ ರೈಲು ನಿಲ್ದಾಣ ಬರುವ ಮುಂಚೆ ಎಷ್ಟು ಮಂದಿ ಮನ್ಮಾಡಿನಲ್ಲಿ ಇಳಿದು, ಚಹಾ ಕುಡಿದು, ಜೀಪಿನವನ ಜೊತೆ ಚೌಕಾಸಿ ಮಾಡಿಲ್ಲ! ಈಗ ಹೆಚ್ಚಿನವರು ಸ್ವಂತ ಗಾಡಿಯಲ್ಲೇ ಹೊರಡುತ್ತಾರೆ. ಹಳೆಯ ಕಸಾರಾ ಘಾಟ್ ಹತ್ತುವವರೂ ಇದ್ದಾರೆ, 2025ರಲ್ಲಿ ಪೂರ್ತಿಯಾದ ಸಮೃದ್ಧಿ ಮಹಾಮಾರ್ಗ ಹಿಡಿಯುವವರೂ ಇದ್ದಾರೆ. ದಾರಿ ಯಾವುದೇ ಇರಲಿ, ಸಮುದ್ರದ ಮಟ್ಟದಲ್ಲಿರುವ ಮುಂಬಯಿಯಿಂದ ಹೊರಟ ಗಾಡಿ ಸುಮಾರು 580 ಮೀಟರ್ ಎತ್ತರದ ಮನ್ಮಾಡ್ ತಲುಪಬೇಕಾದರೆ ಸಹ್ಯಾದ್ರಿಯನ್ನು ಹತ್ತಲೇಬೇಕು. ಬರುವಾಗ ಇಳಿಯಲೇಬೇಕು.

ಈ ಹತ್ತಿ ಇಳಿಯುವ ಕೆಲಸದಲ್ಲಿ ನಿಮ್ಮ ಬಾನೆಟ್ಟಿನ ಕೆಳಗೆ ಸದ್ದಿಲ್ಲದೆ ದುಡಿಯುವ ಒಂದು ಭಾಗದ ಬಗ್ಗೆ ಈ ಸಂಚಿಕೆಯಲ್ಲಿ ಹೇಳಬೇಕೆಂದಿದ್ದೇನೆ. ಅದರ ಹೆಸರು ಇನ್‌ಟೇಕ್ ಮ್ಯಾನಿಫೋಲ್ಡ್. ಗ್ಯಾರೇಜಿನವರ ಬಾಯಲ್ಲಿ ಬರೀ ಮೆನಿಫೋಲ್ಡ್. ಹೊಗೆ ಹೋಗುವ ಕಡೆಯೂ ಒಂದು ಮ್ಯಾನಿಫೋಲ್ಡ್ ಇದೆ. ಅದು ಎಕ್ಸಾಸ್ಟಿನದು, ಅದರ ಸುದ್ದಿ ಇವತ್ತು ಬೇಡ. ಇವತ್ತಿನ ಮಾತು ಉಸಿರು ಒಳಗೆ ಬರುವ ಕಡೆಯದು.

ಹೆಸರಿಗೆ ಹೆದರಬೇಕಾಗಿಲ್ಲ. ಒಂದು ಬಾಯಿ, ಹಲವು ಕವಲು, ಇಷ್ಟೇ ಅದರ ರೂಪ. ಗಾಳಿ ಮೊದಲು ಏರ್ ಫಿಲ್ಟರಿನಲ್ಲಿ ಧೂಳು ಕಳೆದುಕೊಳ್ಳುತ್ತದೆ. ಆಮೇಲೆ ಒಂದು ದಪ್ಪ ಕೊಳವೆಯ ಮೂಲಕ ಥ್ರಾಟಲ್ ಎಂಬ ಬಾಗಿಲಿಗೆ ಬರುತ್ತದೆ. ಬಾಗಿಲು ದಾಟಿದರೆ ಒಂದು ಪೆಟ್ಟಿಗೆಯಂಥ ಜಾಗ, ಅದು ಪ್ಲೀನಮ್. ಅಲ್ಲಿಂದ ನಾಲ್ಕು ಸಿಲಿಂಡರಿನ ಇಂಜಿನ್ನಾದರೆ ನಾಲ್ಕು, ಮೂರರದ್ದಾದರೆ ಮೂರು ಕೊಳವೆಗಳು ಒಂದೊಂದು ಸಿಲಿಂಡರಿನ ಬಾಗಿಲಿಗೆ ಹೋಗುತ್ತವೆ. ಈ ಕೊಳವೆಗಳಿಗೆ ರನ್ನರ್ ಎನ್ನುತ್ತಾರೆ. ಹಾರ್ಮೋನಿಯಂ ಬಿಚ್ಚಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಿದಿಯ ಗಾಳಿ ನೇರವಾಗಿ ಸ್ವರದ ಪಟ್ಟಿಗೆ ಹೋಗುವುದಿಲ್ಲ. ಒಳಗಿನ ಒಂದು ಚೀಲದಲ್ಲಿ ನಿಂತು, ಅಲ್ಲಿಂದ ಸಮವಾಗಿ ಹೊರಡುತ್ತದೆ. ಪ್ಲೀನಮ್ ಕೂಡ ಅಂಥದೇ ಒಂದು ಉಗ್ರಾಣ.

ಎಷ್ಟು ಗಾಳಿ ಬೇಕು ಗೊತ್ತೇ? ಒಂದು ಪಾಲು ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 9 ಸಾವಿರ ಲೀಟರ್ ಗಾಳಿ! ನಾವು ಪೆಟ್ರೋಲಿನ ಬೆಲೆ ನೋಡಿ ಗೊಣಗುತ್ತೇವೆ. ಗಾಡಿ ನಿಜವಾಗಿ ನುಂಗುವುದು ಬಿಟ್ಟಿ ಸಿಗುವ ಗಾಳಿಯನ್ನು. 1.2 ಲೀಟರಿನ ಒಂದು ಸಾಮಾನ್ಯ ಕಾರು ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಥ್ರಾಟಲ್ ಪೂರ್ತಿ ತೆರೆದಿದ್ದರೆ, ನಿಮಿಷಕ್ಕೆ ಸುಮಾರು 1800 ಲೀಟರ್ ಗಾಳಿ ಈ ಮ್ಯಾನಿಫೋಲ್ಡಿನ ಮೂಲಕ ಹಾಯುತ್ತದೆ. ಒಂದೊಂದು ಸಿಲಿಂಡರಿನ ಬಾಗಿಲು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ.

ಹೀಗೆ ಹಂಚುವಾಗ ಪಂಕ್ತಿಭೇದ ಆಗಬಾರದು. ಮದುವೆ ಊಟದಲ್ಲಿ ಮೊದಲ ಎಲೆಗೆ ಹೋಳಿಗೆ ಎರಡು, ಕೊನೆಯ ಎಲೆಗೆ ಅರ್ಧ ಬಿದ್ದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಇಂಜಿನ್ನಿನಲ್ಲೂ ಹಾಗೆಯೇ. ಒಂದು ಸಿಲಿಂಡರಿಗೆ ಗಾಳಿ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸಿಕ್ಕರೆ ಗಾಡಿ ನಡುಗುತ್ತದೆ, ಎಳೆಯುವುದಿಲ್ಲ, ಹೊಗೆ ಕೆಡುತ್ತದೆ. ಕಾರ್ಬ್ಯುರೇಟರಿನ ಕಾಲದಲ್ಲಿ ಈ ತೊಂದರೆ ಇನ್ನೂ ಜಾಸ್ತಿಯಿತ್ತು. ಆಗ ಪೆಟ್ರೋಲೂ ಗಾಳಿಯ ಜೊತೆಗೇ ಮ್ಯಾನಿಫೋಲ್ಡಿನೊಳಗೆ ಪ್ರಯಾಣ ಮಾಡುತ್ತಿತ್ತು. ಗೋಡೆ ತಣ್ಣಗಿದ್ದರೆ ಅಲ್ಲೇ ಹನಿಯಾಗಿ ಅಂಟಿಕೊಳ್ಳುತ್ತಿತ್ತು. 1489 ಸಿಸಿಯ ಹಳೆಯ ಅಂಬಾಸಡರ್ ನೆನಪಿದೆಯಲ್ಲ? ಅದರ ಇಂಜಿನ್ನಿನಲ್ಲಿ ಗಾಳಿ ಬರುವ ಮ್ಯಾನಿಫೋಲ್ಡ್, ಹೊಗೆ ಹೋಗುವ ಮ್ಯಾನಿಫೋಲ್ಡ್ ಎರಡೂ ಒಂದೇ ಬದಿಯಲ್ಲಿ ಅಕ್ಕಪಕ್ಕ ಕೂತಿದ್ದವು. ಹೊಗೆಯ ಬಿಸಿ ತಾಗಿ ಪೆಟ್ರೋಲ್ ಆವಿಯಾಗಲಿ ಎಂಬ ಉಪಾಯ ಅದು. ನಾಲ್ಕು ಸಿಲಿಂಡರಿಗೆ ಒಳಬಾಗಿಲು ಇದ್ದದ್ದು ಎರಡೇ, ಇಬ್ಬಿಬ್ಬರಿಗೆ ಒಂದು ಎಂಬ ಲೆಕ್ಕ. ಬೆಳಿಗ್ಗೆ ಚೋಕ್ ಎಳೆದು ಹತ್ತು ನಿಮಿಷ ಕಾಯುತ್ತಿದ್ದ ನಮ್ಮ ಹಿರಿಯರ ತಾಳ್ಮೆಗೆ ಇದೂ ಒಂದು ಕಾರಣ. 2000ದ ಆಸುಪಾಸಿನಲ್ಲಿ ಎಂಪಿಎಫ್‌ಐ ಬಂದ ಮೇಲೆ ಪ್ರತಿ ಸಿಲಿಂಡರಿನ ಬಾಗಿಲಲ್ಲೇ ಒಂದೊಂದು ಇಂಜೆಕ್ಟರ್ ಕೂತಿತು. ಮ್ಯಾನಿಫೋಲ್ಡಿಗೆ ಗಾಳಿ ಹೊರುವ ಕೆಲಸ ಮಾತ್ರ ಉಳಿಯಿತು. ಬಿಸಿ ಬೇಡವಾಯಿತು, ಅಲ್ಯೂಮಿನಿಯಂ ಹೋಗಿ ಗಾಜಿನ ನಾರು ಬೆರೆಸಿದ ನೈಲಾನ್ ಬಂತು. ಬಾನೆಟ್ ಎತ್ತಿದಾಗ ಕಾಣುವ ಕಪ್ಪು ಪ್ಲಾಸ್ಟಿಕ್ಕನ್ನು ನೋಡಿ "ಏನಿದು, ಕಂಪನಿಯವರು ಅಗ್ಗದ ಮಾಲು ಹಾಕಿದ್ದಾರೆ" ಎಂದು ಬೇಸರಪಡಬೇಡಿ. ಅದು ಹಗುರ, ಒಳಗೋಡೆ ನುಣುಪು, ಇಂಜಿನ್ನಿನ ಬಿಸಿಯನ್ನು ಗಾಳಿಗೆ ದಾಟಿಸುವುದೂ ಕಡಿಮೆ.

ರನ್ನರುಗಳ ಉದ್ದದಲ್ಲೂ ಒಂದು ಸ್ವಾರಸ್ಯ ಇದೆ. ಸಿಲಿಂಡರಿನ ಬಾಗಿಲು ದಡಕ್ಕನೆ ಮುಚ್ಚಿದಾಗ ನುಗ್ಗಿ ಬರುತ್ತಿದ್ದ ಗಾಳಿ ಅಲ್ಲಿಗೆ ಡಿಕ್ಕಿ ಹೊಡೆದು ಒತ್ತಡದ ಅಲೆಯೊಂದು ಹಿಂದಕ್ಕೆ ಓಡುತ್ತದೆ. ಶಬ್ದದ ವೇಗದಲ್ಲಿ ಪ್ಲೀನಮ್ಮಿನವರೆಗೂ ಹೋಗಿ ಮತ್ತೆ ಮರಳುತ್ತದೆ. ಅಲೆ ಮರಳಿ ಬರುವ ಹೊತ್ತಿಗೆ ಬಾಗಿಲು ಮತ್ತೆ ತೆರೆದಿದ್ದರೆ ಅದು ಒಂದಿಷ್ಟು ಹೆಚ್ಚು ಗಾಳಿಯನ್ನು ಒಳಗೆ ತಳ್ಳಿಬಿಡುತ್ತದೆ. ಕೊಳಲಿನ ಉದ್ದ ಸ್ವರವನ್ನು ನಿರ್ಧರಿಸುವ ಹಾಗೆ ರನ್ನರಿನ ಉದ್ದ ಯಾವ ವೇಗದಲ್ಲಿ ಈ ಬಿಟ್ಟಿ ಲಾಭ ಸಿಗುತ್ತದೆ ಎಂದು ನಿರ್ಧರಿಸುತ್ತದೆ. ಉದ್ದ ಕೊಳವೆ ನಿಧಾನ ವೇಗದ ಎಳೆತಕ್ಕೆ, ಗಿಡ್ಡ ಕೊಳವೆ ಹೆಚ್ಚು ವೇಗಕ್ಕೆ. ಘಾಟ್ ಹತ್ತುವ ಗಾಡಿಗೆ ಬೇಕಾದದ್ದು ಮೊದಲನೆಯದು. ಕೆಲವು ಕಾರುಗಳಲ್ಲಿ ಒಳಗೇ ಒಂದು ಕದ ಇಟ್ಟು ಉದ್ದವನ್ನು ಬದಲಿಸುವ ವ್ಯವಸ್ಥೆಯೂ ಇದೆ. ಮುಂಬಯಿಯ ಟ್ರಾಫಿಕ್ಕಿನಲ್ಲಿ ಎರಡನೇ ಗೇರಿನಲ್ಲೇ ದಿನ ಕಳೆಯುವ ನಮಗೆ ಇದರ ಪ್ರಯೋಜನ ಎಷ್ಟೋ, ಇರಲಿ ಬಿಡಿ.

ತುಳಿಯುವುದು ಪೆಟ್ರೋಲಲ್ಲ, ಗಾಳಿ

ಪೆಟ್ರೋಲ್ ಗಾಡಿಯ ಎಕ್ಸಲರೇಟರ್ ತುಳಿದಾಗ ಪೆಟ್ರೋಲ್ ಹೆಚ್ಚು ಬಿಡುತ್ತಿದ್ದೇವೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ನೀವು ತೆರೆಯುತ್ತಿರುವುದು ಥ್ರಾಟಲ್ ಎಂಬ ಗಾಳಿಯ ಬಾಗಿಲನ್ನು. ಮ್ಯಾನಿಫೋಲ್ಡಿನಲ್ಲಿ ಎಷ್ಟು ಒತ್ತಡವಿದೆ, ಗಾಳಿ ಎಷ್ಟು ಬಿಸಿಯಿದೆ ಎಂದು ಸೆನ್ಸರುಗಳು ಅಳೆದು ಹೇಳುತ್ತವೆ. ಗಾಡಿಯ ಕಂಪ್ಯೂಟರ್ ಅದನ್ನು ನೋಡಿ ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂದು ಲೆಕ್ಕ ಹಾಕುತ್ತದೆ.

ಇನ್ನೊಂದು ವಿಷಯ. ಇಂಜಿನ್ ಗಾಳಿಯನ್ನು ಎಳೆದುಕೊಳ್ಳುತ್ತದೆ ಎಂದು ನಾವು ಹೇಳುತ್ತೇವೆ. ಪಿಸ್ಟನ್ ಮಾಡುವುದು ಜಾಗ ಖಾಲಿ ಮಾಡುವುದನ್ನಷ್ಟೇ. ಆ ಖಾಲಿ ಜಾಗಕ್ಕೆ ಗಾಳಿಯನ್ನು ತಳ್ಳುವುದು ಹೊರಗಿನ ವಾತಾವರಣ. ಥ್ರಾಟಲ್ ಮುಚ್ಚಿದ್ದಾಗ ಹೊರಗಿನ ಗಾಳಿ ಒಳಗೆ ಬರಲಾರದು, ಪಿಸ್ಟನ್ನುಗಳು ಮಾತ್ರ ಖಾಲಿ ಮಾಡುತ್ತಲೇ ಇರುತ್ತವೆ. ಆಗ ಮ್ಯಾನಿಫೋಲ್ಡಿನೊಳಗಿನ ಒತ್ತಡ ಹೊರಗಿನದರ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಇದನ್ನೇ ಮೆಕ್ಯಾನಿಕ್ಕುಗಳು ವ್ಯಾಕ್ಯೂಮ್ ಎನ್ನುವುದು.

ಈ ವ್ಯಾಕ್ಯೂಮ್ ವ್ಯರ್ಥವಾಗುವುದಿಲ್ಲ. ಮ್ಯಾನಿಫೋಲ್ಡಿನಿಂದ ಒಂದು ಗಟ್ಟಿ ರಬ್ಬರ್ ಪೈಪು ಹೊರಟು ಡ್ರೈವರಿನ ಮುಂದೆ, ಬ್ರೇಕ್ ಪೆಡಲಿನ ಹಿಂದೆ ಇರುವ ಒಂದು ದುಂಡು ಡಬ್ಬಿಗೆ ಹೋಗುತ್ತದೆ. ಅದು ಬ್ರೇಕ್ ಬೂಸ್ಟರ್. ಡಬ್ಬಿಯ ನಡುವೆ ಒಂದು ರಬ್ಬರ್ ಪರದೆ. ನೀವು ಬ್ರೇಕ್ ಒತ್ತಿದಾಗ ಪರದೆಯ ಒಂದು ಕಡೆ ವ್ಯಾಕ್ಯೂಮ್, ಇನ್ನೊಂದು ಕಡೆ ಹೊರಗಿನ ಗಾಳಿ. ಗಾಳಿ ಪರದೆಯನ್ನು ತಳ್ಳುತ್ತದೆ, ಪರದೆ ನಿಮ್ಮ ಕಾಲಿನ ಜೊತೆ ಕೈಜೋಡಿಸುತ್ತದೆ. ಒಂದು ಟನ್ನಿನ ಕಾರು ನಿಮ್ಮ ಹೆಬ್ಬೆರಳ ಒತ್ತಿಗೆ ನಿಲ್ಲುವುದು ಈ ಸಹಾಯದಿಂದ.

ಈಗ ಘಾಟಿಗೆ ಬನ್ನಿ. ಮನ್ಮಾಡ್, ನಾಸಿಕ್ ಕಡೆಯಿಂದ ಮರಳುವಾಗ ಇಗತ್‌ಪುರಿ ದಾಟಿದ ಮೇಲೆ ಕಸಾರಾ ಕಡೆಗೆ ಇಳಿಜಾರು. "ಸುಮ್ಮನೆ ಪೆಟ್ರೋಲ್ ಯಾಕೆ ಸುಡಬೇಕು, ಗಾಡಿ ತಾನಾಗೇ ಉರುಳುತ್ತದೆ" ಎಂದು ಇಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವ ಬುದ್ಧಿವಂತರು ಇಂದಿಗೂ ಇದ್ದಾರೆ. ಅವರ ಪಕ್ಕ ಹೆಂಡತಿ ಮಕ್ಕಳೂ ಕೂತಿರುತ್ತಾರೆ. ಆಗ ಏನಾಗುತ್ತದೆ? ಇಂಜಿನ್ ನಿಂತ ಕ್ಷಣದಿಂದ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಇಲ್ಲ. ಪೈಪಿನಲ್ಲಿರುವ ಒನ್‌ವೇ ವಾಲ್ವ್ ಬೂಸ್ಟರಿನೊಳಗೆ ಸ್ವಲ್ಪ ಕೂಡಿಟ್ಟಿರುತ್ತದೆ. ಅದು ಎರಡು ಮೂರು ಸಲ ಬ್ರೇಕ್ ಒತ್ತುವಷ್ಟು ಮಾತ್ರ. ಮೊದಲ ತಿರುವಿನಲ್ಲಿ ಬ್ರೇಕ್ ಎಂದಿನಂತೆ ಹಿಡಿಯುತ್ತದೆ, ಎರಡನೆಯದರಲ್ಲೂ ಹಿಡಿಯುತ್ತದೆ. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಪೆಡಲ್ ಕಲ್ಲಾಗಿರುತ್ತದೆ. ಬ್ರೇಕ್ ಪೂರ್ತಿ ಹೋಗಿಲ್ಲ, ಎರಡು ಕಾಲಿಟ್ಟು ನಿಂತು ತುಳಿದರೆ ಹಿಡಿದೀತು. ಆದರೆ ಎದುರಿಗೆ ಲಾರಿ ಬರುವಾಗ ಅಷ್ಟು ಯೋಚಿಸಲು ಸಮಯವೆಲ್ಲಿ? ಪವರ್ ಸ್ಟಿಯರಿಂಗಿನ ಸಹಾಯವೂ ಹೋಗಿರುತ್ತದೆ. ಗಾಬರಿಯಲ್ಲಿ ಕೀ ಪೂರ್ತಿ ತಿರುಗಿಸಿ ಎಳೆದರಂತೂ ಸ್ಟಿಯರಿಂಗ್ ಲಾಕ್ ಬಿದ್ದರೂ ಬಿತ್ತು.

ತಮಾಷೆಯೆಂದರೆ ಇದರಿಂದ ಉಳಿತಾಯವೂ ಇಲ್ಲ. ಎಂಪಿಎಫ್‌ಐ ಗಾಡಿ ಗೇರಿನಲ್ಲಿದ್ದು ನೀವು ಎಕ್ಸಲರೇಟರಿನಿಂದ ಕಾಲು ತೆಗೆದು ಇಳಿಜಾರಿನಲ್ಲಿ ಬಂದರೆ ಕಂಪ್ಯೂಟರ್ ತಾನಾಗಿಯೇ ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಥ್ರಾಟಲ್ ಮುಚ್ಚಿ ಇಂಜಿನ್ ಜೋರಾಗಿ ತಿರುಗುವ ಆ ಹೊತ್ತಿನಲ್ಲೇ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಎಲ್ಲಕ್ಕಿಂತ ಗಟ್ಟಿಯಾಗಿರುತ್ತದೆ. ಅಂದರೆ ಪೆಟ್ರೋಲ್ ಸೊನ್ನೆ, ಬ್ರೇಕಿನ ಸಹಾಯ ಭರ್ತಿ, ಜೊತೆಗೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ನ್ಯೂಟ್ರಲ್‌ಗೆ ಹಾಕಿ ಇಂಜಿನ್ ಚಾಲೂ ಇಟ್ಟರೆ? ಬ್ರೇಕಿನ ಸಹಾಯ ಇರುತ್ತದೆ, ಆದರೆ ಇಂಜಿನ್ ಆಫಾಗದಿರಲು ಪೆಟ್ರೋಲ್ ಬೇಕು, ಇಂಜಿನ್ನಿನ ಹಿಡಿತವೂ ಇಲ್ಲ. ಅದೂ ನಷ್ಟವೇ.

ಡೀಸೆಲ್ ಗಾಡಿಯವರು "ನಮಗೆ ಇದು ಅನ್ವಯಿಸುವುದಿಲ್ಲ" ಎಂದುಕೊಳ್ಳಬೇಡಿ. ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಬ್ರೇಕಿಗೆ ಬೇಕಾದಷ್ಟು ವ್ಯಾಕ್ಯೂಮ್ ಇರುವುದಿಲ್ಲ ಎಂದು ಅದಕ್ಕೆ ಬೇರೆ ಪಂಪ್ ಇಟ್ಟಿರುತ್ತಾರೆ. ಆ ಪಂಪನ್ನು ತಿರುಗಿಸುವುದೂ ಇಂಜಿನ್ನೇ! ಟರ್ಬೊ ಇರುವ ಪೆಟ್ರೋಲ್ ಕಾರುಗಳಲ್ಲೂ ಅನೇಕಕ್ಕೆ ಇಂಥ ಪಂಪ್ ಇರುತ್ತದೆ.

ಹೊರಡುವ ಮುನ್ನ ಮನೆಯ ಪಾರ್ಕಿಂಗಿನಲ್ಲೇ ಒಂದು ನಿಮಿಷದ ಪರೀಕ್ಷೆ ಮಾಡಬಹುದು. ಇಂಜಿನ್ ಬಂದ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ಒತ್ತಿ. ಪೆಡಲ್ ಗಟ್ಟಿಯಾಗುತ್ತದೆ. ಅದರ ಮೇಲೆ ಕಾಲು ಹಾಗೇ ಇಟ್ಟು ಇಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಿದರೆ ಮ್ಯಾನಿಫೋಲ್ಡ್, ಪೈಪು, ಬೂಸ್ಟರ್ ಮೂರೂ ಕ್ಷೇಮ. ಜಾರದಿದ್ದರೆ ಶಿರಡಿಗಿಂತ ಮೊದಲು ಗ್ಯಾರೇಜಿನ ದರ್ಶನ ಮಾಡಿ.

ಮನ್ಮಾಡಿನ ಗಾಳಿ, ಮನ್ಮಾಡಿನ ಡೀಸೆಲ್ಲು

ಗಾಳಿಯನ್ನು ಒಳಗೆ ತಳ್ಳುವುದು ವಾತಾವರಣ ಎಂದೆನಲ್ಲ. ಎತ್ತರ ಏರಿದ ಹಾಗೆ ಆ ತಳ್ಳುವ ಶಕ್ತಿ ಕಡಿಮೆಯಾಗುತ್ತದೆ. 580 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರದ ಮಟ್ಟಕ್ಕಿಂತ ಶೇಕಡ 6ರಿಂದ 7ರಷ್ಟು ಕಡಿಮೆ. ಅದರ ಮೇಲೆ ಬಿಸಿಲು. 25 ಡಿಗ್ರಿಯ ಗಾಳಿಗಿಂತ 40 ಡಿಗ್ರಿಯ ಗಾಳಿ ಸುಮಾರು ಶೇಕಡ 5ರಷ್ಟು ತೆಳು. ಎರಡೂ ಸೇರಿದರೆ ಬೇಸಗೆಯ ಒಂದು ಸುಡುಮಧ್ಯಾಹ್ನ ಮನ್ಮಾಡಿನ ಸುತ್ತ ಟರ್ಬೊ ಇಲ್ಲದ ನಿಮ್ಮ ಕಾರಿನ ಮ್ಯಾನಿಫೋಲ್ಡಿಗೆ ಸಿಗುವ ಗಾಳಿ ಮುಂಬಯಿಯ ತಂಪು ಬೆಳಗಿಗಿಂತ ಹತ್ತನೇ ಒಂದು ಪಾಲು ಕಮ್ಮಿ. ಐದು ಜನ, ಡಿಕ್ಕಿ ತುಂಬ ಸಾಮಾನು, ಏಸಿ ಬೇರೆ. ಗಾಡಿ ಎಳೆಯುತ್ತಿಲ್ಲ ಎಂದು ಅನ್ನಿಸಿದರೆ ಅದು ಬರೀ ಅನುಮಾನವಲ್ಲ. ಒಂದು ಗೇರ್ ಇಳಿಸಿ, ಅಷ್ಟೇ. ಸಿಎನ್‌ಜಿ ಹಾಕಿಸಿದವರಿಗೆ ಇನ್ನೂ ಒಂದು ಕಡಿತ. ಸಿಎನ್‌ಜಿ ಆವಿಯ ರೂಪದಲ್ಲೇ ಬಂದು ಮ್ಯಾನಿಫೋಲ್ಡಿನಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಜಾಗವನ್ನು ತಾನೇ ಹಿಡಿಯುತ್ತದೆ, ಗಾಳಿಗೆ ಆ ಜಾಗ ತಪ್ಪುತ್ತದೆ. ಘಾಟ್ ಹತ್ತುವಾಗ ಮಾತ್ರ ಪೆಟ್ರೋಲಿಗೆ ಬದಲಿಸುವ ಮುಂಬಯಿಯ ಟ್ಯಾಕ್ಸಿಯವರ ಲೆಕ್ಕಾಚಾರ ಸರಿಯಾಗಿಯೇ ಇದೆ.

ಗಾಳಿ ಸಾಲದು ಎಂಬ ಈ ಸಮಸ್ಯೆಗೆ ಟರ್ಬೊ ಪರಿಹಾರ. ಹೊರಗೆ ಹೋಗುವ ಹೊಗೆಯ ಬಲದಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡದ ಮೇಲಿನ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಮ್ಯಾನಿಫೋಲ್ಡಿಗೆ ತುರುಕುವುದು. ಇದರ ಭಾರೀ ರೂಪವನ್ನು ಮನ್ಮಾಡಿನ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಾಲಕ್ಕೆ ದಿನವೂ ನೋಡಬಹುದಿತ್ತು. ಮುಂಬಯಿಯಿಂದ ಭುಸಾವಳ ಕಡೆಗಿನ ಮುಖ್ಯ ಮಾರ್ಗಕ್ಕೆ ವಿದ್ಯುತ್ ತಂತಿ ಮೊದಲೇ ಬಂದಿತ್ತು. ಆದರೆ ದೌಂಡ್ ಕಡೆಗೆ, ಔರಂಗಾಬಾದ್ ಕಡೆಗೆ ಹೊರಡುವ ಗಾಡಿಗಳು ಬಹುಕಾಲ ಡೀಸೆಲ್ ಇಂಜಿನ್ನಿನದ್ದೇ. (ಔರಂಗಾಬಾದಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು.) ಆ ಕಾಲದ ಭಾರತೀಯ ರೈಲಿನ ಕತ್ತೆದುಡಿಮೆಯ ಇಂಜಿನ್ ಎಂದರೆ ಡಬ್ಲ್ಯುಡಿಎಂ-2. ಮೂಲ ಅಮೆರಿಕದ ಆಲ್ಕೊ ಕಂಪನಿಯದು, 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ನಮ್ಮವರೇ ಕಟ್ಟಿದರು. 2600 ಅಶ್ವಶಕ್ತಿ, ಎಂಟೆಂಟರ ಎರಡು ಸಾಲಿನಲ್ಲಿ 16 ಸಿಲಿಂಡರು. ಒಂದೊಂದು ಸಿಲಿಂಡರಿನ ಗಾತ್ರ ಸುಮಾರು 11 ಲೀಟರ್, ಅಂದರೆ ನಿಮ್ಮ ಕಾರಿನ ಇಡೀ ಇಂಜಿನ್ನಿನ ಒಂಬತ್ತು ಪಟ್ಟು! ಟರ್ಬೊ ಇಲ್ಲದಿದ್ದರೂ ನಿಮಿಷಕ್ಕೆ 1000 ಸುತ್ತಿನಲ್ಲಿ ಅದಕ್ಕೆ 87 ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಟರ್ಬೊ ಅದನ್ನು ಸುಮಾರು ದುಪ್ಪಟ್ಟು ಒತ್ತಡಕ್ಕೆ ಏರಿಸಿ ಕಳಿಸುತ್ತಿತ್ತು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿ ತೆಳು. ಆದ್ದರಿಂದ ನಡುವೆ ಆಫ್ಟರ್‌ಕೂಲರಿನಲ್ಲಿ ನೀರಿನಿಂದ ತಣಿಸಿ, ಆಮೇಲೆ ಎರಡು ಸಾಲಿನ ಸಿಲಿಂಡರುಗಳ ನಡುವಿನ ಉದ್ದನೆಯ ಗಾಳಿಯೋಣಿಗೆ ಬಿಡುತ್ತಿದ್ದರು. ಆ ಓಣಿಯಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಮೊಣಕೈ ಕೊಳವೆ. ಓಣಿಯ ಒತ್ತಡ ತೋರಿಸುವ ಮಾಪಕವೂ ಇತ್ತು. ಪೂರ್ತಿ ನಾಚಿನಲ್ಲೂ ಮುಳ್ಳು ಏರದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಫಿಲ್ಟರೋ ಟರ್ಬೊವೋ ಸೋತಿದೆ ಎಂದು ಶೆಡ್ಡಿನವರು ತಿಳಿಯುತ್ತಿದ್ದರು.

ಗಾಡಿ ಹೊರಡುವಾಗ ಆ ಇಂಜಿನ್ ಆಕಾಶಕ್ಕೆ ಬುಸ್ಸೆಂದು ಕಪ್ಪು ಹೊಗೆ ಉಗುಳುತ್ತಿದ್ದದ್ದು ನಿಮಗೆ ನೆನಪಿರಬಹುದು. ಡ್ರೈವರ್ ನಾಚ್ ಏರಿಸಿದ ಕೂಡಲೇ ಡೀಸೆಲ್ ಹೆಚ್ಚಾಗುತ್ತದೆ. ಟರ್ಬೊ ವೇಗ ಪಡೆಯಲು ಮಾತ್ರ ಕೆಲವು ಕ್ಷಣ ಬೇಕು, ಏಕೆಂದರೆ ಅದನ್ನು ತಿರುಗಿಸುವ ಹೊಗೆಯೇ ಇನ್ನೂ ಹೆಚ್ಚಿಲ್ಲ. ಆ ಕೆಲವು ಕ್ಷಣ ಓಣಿಯಲ್ಲಿ ಗಾಳಿ ಸಾಲದೆ ಡೀಸೆಲ್ ಅರೆಬೆಂದು ಮಸಿಯಾಗಿ ಹೊರಬರುತ್ತಿತ್ತು. ಟರ್ಬೊ ಎದ್ದ ಮೇಲೆ ಹೊಗೆ ತಿಳಿಯಾಗುತ್ತಿತ್ತು. ಹೆದ್ದಾರಿಯಲ್ಲಿ ನಿಮ್ಮ ಮುಂದಿನ ಹಳೆಯ ಲಾರಿ ಗೇರ್ ಬದಲಿಸಿದಾಗ ಮುಖಕ್ಕೆ ರಾಚುವ ಹೊಗೆಯ ಕಥೆಯೂ ಇದೇ. ಈಗ ಮನ್ಮಾಡಿನಿಂದ ಆ ಎರಡೂ ಕಡೆಗೆ ತಂತಿ ಬಂದಿದೆ.

ಲಾರಿ ಎಂದಾಗ ಮನ್ಮಾಡಿನ ಇನ್ನೊಂದು ಮುಖ. ಊರ ಹತ್ತಿರದ ಪಾನೇವಾಡಿಯಲ್ಲಿ ತೈಲ ಕಂಪನಿಗಳ ದೊಡ್ಡ ಡಿಪೋಗಳಿವೆ. ಮುಂಬಯಿಯಿಂದ ಪೈಪಿನಲ್ಲಿ ಬಂದ ಪೆಟ್ರೋಲ್, ಡೀಸೆಲ್ ಅಲ್ಲಿಂದ ಟ್ಯಾಂಕರುಗಳಲ್ಲಿ ಸುತ್ತಣ ಜಿಲ್ಲೆಗಳಿಗೆ ಹೋಗುತ್ತದೆ. ಇಂಥ ಕಡೆ ತುಂಬುವಾಗ ಇಂಜಿನ್ ಬಂದ್ ಇರಲೇಬೇಕು ಎಂಬ ನಿಯಮ ಇದೆಯಲ್ಲ, ಅದಕ್ಕೆ ಬರೀ ಕಿಡಿಯ ಭಯವಷ್ಟೇ ಕಾರಣವಲ್ಲ. ಸಾಮಾನ್ಯ ಡೀಸೆಲ್ ಇಂಜಿನ್ನಿನಲ್ಲಿ ವೇಗವನ್ನು ಹಿಡಿಯುವುದು ಒಳಗೆ ಬಿಡುವ ಡೀಸೆಲ್ಲಿನ ಅಳತೆ. ಗಾಳಿಯ ದಾರಿ ಸದಾ ತೆರೆದಿರುತ್ತದೆ. ಆ ಗಾಳಿಯಲ್ಲೇ ಪೆಟ್ರೋಲಿನ ಆವಿ ಬೆರೆತಿದ್ದರೆ? ಮ್ಯಾನಿಫೋಲ್ಡ್ ಅದನ್ನೂ ಒಳಗೆ ಹೊತ್ತು ತರುತ್ತದೆ. ಕೀ ತಿರುಗಿಸಿದರೂ ಇಂಜಿನ್ ನಿಲ್ಲುವುದಿಲ್ಲ, ಬದಲು ವೇಗ ಏರುತ್ತಲೇ ಹೋಗುತ್ತದೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣ ಘಟಕದಲ್ಲಿ ಸ್ಫೋಟವಾಗಿ 15 ಮಂದಿ ಸತ್ತರು. ಹೊರಚೆಲ್ಲಿದ ಆವಿ ಹತ್ತಿರದಲ್ಲೇ ಚಾಲೂ ಇಟ್ಟಿದ್ದ ಡೀಸೆಲ್ ಪಿಕಪ್ ಗಾಡಿಯೊಂದರ ಇಂಜಿನ್ನನ್ನು ಹೊಕ್ಕು, ಅದು ಹುಚ್ಚೆದ್ದು ಓಡಿ, ಬೆಂಕಿ ಹೊತ್ತಿದ್ದು ಬಹುಶಃ ಅಲ್ಲಿಂದಲೇ ಎಂದು ತನಿಖೆ ಹೇಳಿತು.

ಡಿಪೋದಿಂದ ದೂರ, ನಿಮ್ಮ ಹಳೆಯ ಡೀಸೆಲ್ ಜೀಪಿನಲ್ಲೂ ಇದರ ತಮ್ಮನಂಥದೊಂದು ಆಗಬಹುದು. ಟರ್ಬೊದ ಆಯಿಲ್ ಸೀಲ್ ಹರಿದರೆ ಇಂಜಿನ್ ಆಯಿಲೇ ಮ್ಯಾನಿಫೋಲ್ಡಿಗೆ ಸುರಿಯುತ್ತದೆ. ಇಂಜಿನ್ ತನ್ನ ಆಯಿಲನ್ನು ತಾನೇ ಕುಡಿದು ಅರಚುತ್ತದೆ, ದಟ್ಟ ಹೊಗೆ ಬರುತ್ತದೆ, ಕೀ ತೆಗೆದರೂ ನಿಲ್ಲದು. ಕೈಗೇರಿನ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ಹಿಡಿದು, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ನನ್ನು ಉಸಿರುಗಟ್ಟಿಸಬೇಕು. ಗಾಳಿಯ ಬಾಯಿಗೆ ಅಂಗೈ ಒಡ್ಡುವ ಸಾಹಸ ಮಾತ್ರ ಬೇಡವೇ ಬೇಡ. ಆಗಲಿಲ್ಲವೆಂದರೆ ಎಲ್ಲರನ್ನೂ ಇಳಿಸಿ ದೂರ ನಿಲ್ಲಿ. ಇಂಜಿನ್ ಹೋದರೆ ಹೋಗಲಿ.

ನೀರು ಕುಡಿದ ಇಂಜಿನ್

ಮನ್ಮಾಡಿನಿಂದ ಮರಳಿ ಮುಂಬಯಿಗೆ ಬಂದರೆ ಮಳೆ. 2005ರ ಜುಲೈ 26 ಯಾರಿಗೆ ಮರೆಯುತ್ತದೆ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ನೀರಿನಲ್ಲಿ ನಿಂತುಹೋದ ಕಾರುಗಳಲ್ಲಿ ಎಷ್ಟೋ ಗಾಡಿಗಳ ಇಂಜಿನ್ ಹಾಳಾದದ್ದು ನೀರಿನಿಂದಲ್ಲ, ನೀರು ಹೋದ ಮೇಲೆ ಮತ್ತೆ ಮತ್ತೆ ಸೆಲ್ಫ್ ಹೊಡೆದದ್ದರಿಂದ. ಹೇಗೆಂದರೆ, ಗಾಳಿಯ ಬಾಯಿ ಸಾಮಾನ್ಯವಾಗಿ ಮುಂದಿನ ಗ್ರಿಲ್ಲಿನ ಹಿಂದೆ, ಹೆಡ್‌ಲೈಟಿನ ಎತ್ತರದಲ್ಲಿರುತ್ತದೆ. ನೀರು ಅಲ್ಲಿಗೆ ಮುಟ್ಟಿದರೆ, ಅಥವಾ ಎದುರಿನ ಬಸ್ಸು ಎಬ್ಬಿಸಿದ ಅಲೆ ಅಲ್ಲಿಗೆ ಹೊಡೆದರೆ, ಮ್ಯಾನಿಫೋಲ್ಡ್ ಗಾಳಿಯ ಬದಲು ನೀರನ್ನು ಹಂಚುತ್ತದೆ. ಪಾಪ, ಅದಕ್ಕೇನು ಗೊತ್ತು! ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ನಾಲ್ಕು ಸಿಲಿಂಡರಿನ 1.2 ಲೀಟರ್ ಇಂಜಿನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಬರೀ 33 ಮಿಲಿಲೀಟರಿನಷ್ಟು. ಎರಡು ದೊಡ್ಡ ಚಮಚ ನೀರು ಮತ್ತೊಂದಿಷ್ಟು ಹನಿ ಸಾಕು, ಪಿಸ್ಟನ್ನಿಗೆ ಮೇಲೆ ಬರಲು ಎಡೆಯಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಆದ್ದರಿಂದ ನೀರಿನ ನಡುವೆ ಗಾಡಿ ನಿಂತರೆ ಸೆಲ್ಫ್ ಮುಟ್ಟಬೇಡಿ. ತಳ್ಳಿಸಿ, ಇಲ್ಲವೇ ಟೋ ಮಾಡಿಸಿ. ಮೆಕ್ಯಾನಿಕ್ ಮೊದಲು ಏರ್ ಫಿಲ್ಟರ್ ಬಿಚ್ಚಿ ಒದ್ದೆಯಿದೆಯೇ ನೋಡಲಿ, ಪ್ಲಗ್ಗುಗಳನ್ನು ಕಳಚಿ ಇಂಜಿನ್ನನ್ನು ತಿರುಗಿಸಿ ನೀರು ಹೊರಹಾಕಲಿ. ವಿಮೆಯ ಕಂಪನಿಗಳು ಸಾಮಾನ್ಯ ಪಾಲಿಸಿಯಲ್ಲಿ ಇಂಥ ಇಂಜಿನ್ ಹಾನಿಗೆ ಹಣ ಕೊಡಲು ತಕರಾರು ತೆಗೆಯುವುದೇ ಹೆಚ್ಚು. ಇಂಜಿನ್ ರಕ್ಷಣೆಗೆ ಬೇರೆ ಆಡ್-ಆನ್ ಇರುತ್ತದೆ. ಮಳೆಗಾಲಕ್ಕೆ ಮೊದಲು ನಿಮ್ಮ ಪಾಲಿಸಿಯಲ್ಲಿ ಅದು ಇದೆಯೇ ನೋಡಿಕೊಳ್ಳಿ.

ಇನ್ನು ಗ್ಯಾರೇಜಿನ ಮಾತು. "ಸಾಹೇಬ್ರೇ, ಮೆನಿಫೋಲ್ಡ್ ಹೋಗಿದೆ, ಹೊಸದು ಹಾಕ್ಬೇಕು" ಎಂದರೆ ಕೂಡಲೇ ಪರ್ಸ್ ತೆಗೆಯಬೇಡಿ. ಮ್ಯಾನಿಫೋಲ್ಡಿನಲ್ಲಿ ತಿರುಗುವ ಭಾಗಗಳು ಬಹಳ ಕಡಿಮೆ, ಅದು ಸವೆಯುವ ವಸ್ತುವಲ್ಲ. ಹೆಚ್ಚಿನ ಸಲ ಹೋಗಿರುವುದು ಅದಕ್ಕೂ ಇಂಜಿನ್ನಿಗೂ ನಡುವಿನ ಗ್ಯಾಸ್ಕೆಟ್, ಅಥವಾ ಅದಕ್ಕೆ ಸೇರಿಸಿದ ಯಾವುದೋ ಸಣ್ಣ ರಬ್ಬರ್ ಪೈಪು. ಅಲ್ಲಿ ಬಿರುಕು ಬಿಟ್ಟರೆ ಸೆನ್ಸರುಗಳ ಲೆಕ್ಕಕ್ಕೆ ಸರಿಹೊಂದದ ಗಾಳಿ ನುಸುಳುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು ಒದ್ದಾಡುತ್ತದೆ, ಇಂಜಿನ್ ಲೈಟ್ ಉರಿಯುತ್ತದೆ, ಕಿವಿಗೊಟ್ಟರೆ ಸಣ್ಣಗೆ ಹಿಸ್ಸೆನ್ನುವ ಸದ್ದು. ರೇಡಿಯೋ ಕೇಳುಗರ ಕಿವಿ ಚುರುಕಾಗಿರುತ್ತದೆ, ಬಳಸಿಕೊಳ್ಳಿ! ಒಂದು ಗಜ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡಿನ ಅಂಚಿನಲ್ಲಿ ಮೆಲ್ಲಗೆ ಸರಿಸಿದರೆ ಸೋರುವ ಜಾಗ ಗೊತ್ತಾಗುತ್ತದೆ. ಫ್ಯಾನಿಗೂ ಬೆಲ್ಟಿಗೂ ಪೈಪು, ಬಟ್ಟೆ, ಬೆರಳು ತಾಗದಂತೆ ಎಚ್ಚರ. ಕೆಲವರು ಪೆಟ್ರೋಲ್ ಚಿಮುಕಿಸಿ ಪರೀಕ್ಷಿಸುತ್ತಾರೆ. ಬಿಸಿ ಇಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ, ಬಿಡಬೇಡಿ.

ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ರೋಗ. ಮಾಲಿನ್ಯ ತಗ್ಗಿಸಲೆಂದು ಇಜಿಆರ್ ಎಂಬ ವಾಲ್ವ್ ಸ್ವಲ್ಪ ಹೊಗೆಯನ್ನು ಮರಳಿ ಮ್ಯಾನಿಫೋಲ್ಡಿಗೆ ಬಿಡುತ್ತದೆ. ಆ ಹೊಗೆಯ ಮಸಿ, ಇಂಜಿನ್ನಿನ ಎಣ್ಣೆಯ ಆವಿ ಎರಡೂ ಸೇರಿ ಒಳಗೋಡೆಗೆ ಡಾಂಬರಿನಂತೆ ಮೆತ್ತಿಕೊಳ್ಳುತ್ತವೆ. ವರ್ಷಗಳು ಕಳೆದಂತೆ ಕೊಳವೆ ಕಿರಿದಾಗುತ್ತದೆ. ದಿನವೂ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಗೆ ಇದು ಬೇಗ, ಹೆದ್ದಾರಿಯಲ್ಲಿ ದೂರ ಓಡುವ ಗಾಡಿಗೆ ತಡವಾಗಿ. ಲಕ್ಷಣ ಏನೂ ಇಲ್ಲದೆ ಪ್ರತಿ ಸರ್ವಿಸಿನಲ್ಲಿ ಕಾರ್ಬನ್ ಕ್ಲೀನಿಂಗ್ ಎಂದು ಬಿಲ್ಲಿಗೆ ಸೇರಿಸುವುದು ನನಗಂತೂ ಒಪ್ಪಿಗೆಯಿಲ್ಲ. ನಿಜವಾಗಿ ಮೆತ್ತಿಕೊಂಡಿದ್ದರೆ ಮ್ಯಾನಿಫೋಲ್ಡನ್ನು ಕಳಚಿ, ನಿಮ್ಮೆದುರೇ ತೋರಿಸಿ, ತೊಳೆದು ಹಾಕಲಿ. ಹೇಗೂ ಕಳಚಿದ ಮೇಲೆ ಗ್ಯಾಸ್ಕೆಟ್ ಹೊಸದೇ ಬೇಕು. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಸ್ವಲ್ಪ ಸ್ವಲ್ಪವಾಗಿ, ಕಂಪನಿ ಹೇಳಿದ ಅಳತೆಗೆ ಬಿಗಿಯಲು ಹೇಳಿ. ಪ್ಲಾಸ್ಟಿಕ್ ಮ್ಯಾನಿಫೋಲ್ಡಿನ ಮೇಲೆ ಮೈಯೆಲ್ಲ ಬಲ ಹಾಕಿ ತಿರುವಿದರೆ ಅಂಚು ಬಿರಿಯುತ್ತದೆ. ಆಗ ಮಾತ್ರ ನಿಜವಾಗಿಯೂ ಹೊಸ ಮ್ಯಾನಿಫೋಲ್ಡ್ ಬೇಕಾಗುತ್ತದೆ.